ಮಿಸ್ತ್ರಿ ಹುಡುಕಿದ ತೂತು

ಮಿಸ್ತ್ರಿಯ ಒಂಬತ್ತು ಉಗುರುಗಳು ಎಂಜಿನ್ ಎಣ್ಣೆ ಹತ್ತಿ ಕಪ್ಪಾಗಿದ್ದವು. ಎಡಗೈ ಹೆಬ್ಬೆರಳಿನದು ಮಾತ್ರ ಬೆಳ್ಳಗಿತ್ತು. ದಿನವಿಡೀ ತಂಬಾಕಿಗೆ ಸುಣ್ಣ ಹಚ್ಚುತ್ತಿದ್ದ ಬೆರಳು ಅದು. ಖಾನಾಪುರದಿಂದ ಬೆಳಗಾವಿಗೆ ಹೋಗುವ ದಾರಿಯ ಮಚ್ಛೆಯಲ್ಲಿ ರಸ್ತೆಗೆ ಹತ್ತಿ ಅವರದೊಂದು ತಗಡಿನ ಶೆಡ್ಡು. ಗಾಡಿ ಬಂದರೆ ತಕ್ಷಣ ಕೈ ಹಾಕುತ್ತಿರಲಿಲ್ಲ. ಎಂಜಿನ್ ಎದುರು ಸ್ಟೂಲು ಎಳೆದುಕೊಂಡು ಕೂತು, ತಂಬಾಕು ತಿಕ್ಕುತ್ತ ನೋಡುತ್ತಿದ್ದರು. ಡ್ರೈವರು ಅವಸರ ಮಾಡಿದರೆ, "ಡಾಕ್ಟರ್ ಬಂದ ಕೂಡ್ಲೆ ಹೊಟ್ಟಿ ಕೊಯ್ತಾನೇನ?" ಎನ್ನುತ್ತಿದ್ದರು.

ಅವರ ಮಾತಿನಲ್ಲಿ ನಯ ಇರಲಿಲ್ಲ. ನನ್ನ ಮಾತಿನಲ್ಲೂ ಇಲ್ಲ. ಹಾಗಾಗಿ ನಮಗೆ ಹೊಂದಿತು.

ಎರಡು ಸಾವಿರದ ಇಸವಿಯ ಆಸುಪಾಸಿನ ಮಾತು. ಗಂಡ ಸತ್ತ ಮೇಲೆ ನನಗೆ ಉಳಿದದ್ದು ಒಂದು ಹಳೆಯ ಲಾರಿ. ಖಾನಾಪುರದ ಗಿರಣಿಯಿಂದ ಅಕ್ಕಿ ಚೀಲ ಹೇರಿಕೊಂಡು ಬೆಳಗಾವಿಯ ರವಿವಾರ ಪೇಟೆಗೆ ಹಾಕಿ ಬರುವುದು ಅದರ ಕೆಲಸ. ಓಡಿಸುವವನು ನನ್ನ ತಮ್ಮ.

ಆ ವರ್ಷ ಲಾರಿ ನೀರು ಕುಡಿಯತೊಡಗಿತು. ಖಾನಾಪುರದಲ್ಲಿ ರೇಡಿಯೇಟರ್ ತುಂಬಿಸಿದರೆ ಬೆಳಗಾವಿ ಮುಟ್ಟುವುದರೊಳಗೆ ಅರ್ಧ ಖಾಲಿ. ಎಂಜಿನ್ ಕುದ್ದು ಉಗಿ ಏಳುತ್ತಿತ್ತು. ನಿಂತ ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಒಂದು ಹನಿ ಇಲ್ಲ. ತಮ್ಮ ನೀರನ್ನೇ ಹಾಕುವುದಿಲ್ಲ ಎಂದು ನಾನು ತೀರ್ಮಾನ ಮಾಡಿದೆ. ಗಿರಣಿಯ ಹಮಾಲರ ಎದುರಿಗೇ ಮೈಗಳ್ಳ ಎಂದು ಬೈದೆ. "ತುಂಬೇನಿ ಅಕ್ಕಾ," ಎಂದ. ನಾನು ನಂಬಲಿಲ್ಲ.

ಕೊನೆಗೆ ಬೆಳಗಾವಿಯ ಒಂದು ದೊಡ್ಡ ಗ್ಯಾರೇಜಿಗೆ ಒಯ್ದೆವು. ಅಲ್ಲಿಯವರು ರೇಡಿಯೇಟರಿನ ಮುಚ್ಚಳ ತೆಗೆದು, ಒಳಗಿನ ಕಂದು ರಾಡಿ ನೋಡಿ, "ನೀರಿನಾಗ ಎಣ್ಣಿ ಕೂಡೈತ್ರಿ. ಎಂಜಿನ್ ಒಳಗ ಸೀಳೈತಿ. ಇದರ ಆಸೆ ಬಿಡ್ರಿ," ಎಂದರು. ಪೇಟೆಯಲ್ಲೇ ಗುಜರಿಯವನಿಗೆ ಮಾತು ಕೊಟ್ಟೆ. ನಾಳೆ ಬಂದು ಒಯ್ಯುತ್ತೇನೆ ಎಂದ. ತಮ್ಮನಿಗೆ ಬೇರೆ ಕೆಲಸ ನೋಡಿಕೊ ಎಂದೆ. ಮೂರು ಮಕ್ಕಳ ತಂದೆ ಅವನು. ಖಾನಾಪುರದ ಕಡೆ ಗಾಡಿ ತಿರುಗಿಸಿದ.

ಮರಳುವಾಗ ಮಚ್ಛೆಯಲ್ಲಿ ಮತ್ತೆ ಕುದಿಯಿತು. ನಿಂತದ್ದು ಮಿಸ್ತ್ರಿಯ ಶೆಡ್ಡಿನ ಮುಂದೆ. ನಾನು ಅವರನ್ನು ನೋಡಿದ್ದು ಅಂದೇ ಮೊದಲು. ತಣ್ಣಗಾಗುವತನಕ ಮುಚ್ಚಳ ಮುಟ್ಟಗೊಡಲಿಲ್ಲ. ಗಿರಣಿಯಲ್ಲಿ ಬೈಸಿಕೊಂಡದ್ದನ್ನೂ ಸೇರಿಸಿ ತಮ್ಮ ಹೇಳಿದ್ದನ್ನೆಲ್ಲ ಕೂತು ಕೇಳಿಕೊಂಡರು. ಆಮೇಲೆ ಆ ರಾಡಿಯನ್ನು ಬೆರಳಿಗೆ ಹಚ್ಚಿ ತಿಕ್ಕಿದರು, ಮೂಸಿದರು.

"ಇದರಾಗ ಎಣ್ಣಿ ಎಲ್ಲೈತಿ? ಸಾರಿನ ವಾಸನಿ ಬರಾಕತ್ತೈತಿ. ಅರಿಶಿಣ ಯಾರು ಹಾಕ್ಯಾರ?"

ತಮ್ಮ ನನ್ನ ಕಡೆ ನೋಡಿದ. ನಾನು ರಸ್ತೆಯ ಕಡೆ ನೋಡಿದೆ.

"ನೀರಿಗೆ ಸುಳ್ಳು ಹೇಳಾಕ ಬರೂದಿಲ್ಲ ಅಕ್ಕಾರ," ಎಂದರು ಮಿಸ್ತ್ರಿ. "ಮಾಲಕರಿಗೆ ಬರತೈತಿ."

ಹಾಕಿದವಳು ನಾನೇ. ಸಣ್ಣ ತೂತಿದ್ದರೆ ಅರಿಶಿನ ಹೋಗಿ ಮುಚ್ಚುತ್ತದೆ ಎಂದು ಹಳೆಯ ಡ್ರೈವರುಗಳು ಹೇಳುತ್ತಿದ್ದರು. ತಮ್ಮನಿಗೆ ತಿಳಿಸದೆ ದಿನಾ ಬೆಳಿಗ್ಗೆ ಅವನು ಬರುವ ಮೊದಲೇ ಒಂದು ಮುಷ್ಟಿ ಹಾಕುತ್ತಿದ್ದೆ. ಅಂದರೆ ಸೋರುತ್ತಿರಬಹುದು ಎಂಬ ಅನುಮಾನ ನನಗೂ ಇತ್ತು. ಆದರೂ ಬೈದದ್ದು ಅವನನ್ನು. ಹೂಂ, ನಾನೇ ಹಾಕಿದೆ ಎಂದು ಒಪ್ಪಿಕೊಂಡೆ.

"ಉಪ್ಪು ಖಾರಾನೂ ಹಾಕಬೇಕಿತ್ತಲ್ಲ ಅಕ್ಕಾ," ಎಂದ ತಮ್ಮ. "ದಾರ್ಯಾಗ ಊಟಾ ಮುಗಿಸತಿದ್ದೆ."

"ಹಾಕಿದ್ದು ಹಾಕೀರಿ, ಈಗ ಅದರ ಕಡಿಂದನ ಕೆಲಸಾ ಮಾಡಸೂಣು," ಎಂದು ಮಿಸ್ತ್ರಿ ಎಂಜಿನ್ ಒರೆಸಿದರು. ಸುಣ್ಣದ ಡಬ್ಬಿ ತೆಗೆದು ಕೊಳವೆಗಳ ಸಂದು, ಪಂಪು, ತಗಡು, ನೀರು ಹೊರಬೀಳಬಹುದಾದ ಕಡೆಯೆಲ್ಲ ಬೆರಳಿನಿಂದ ಹಚ್ಚಿದರು. ನೀರು ತುಂಬಿಸಿ, ಮುಚ್ಚಳ ಬಿಗಿದು, ಎಂಜಿನ್ ಶುರು ಮಾಡಿಸಿದರು. ಅರಿಶಿನಕ್ಕೆ ಸುಣ್ಣ ಕೂಡಿದರೆ ಕೆಂಪಾಗುತ್ತದೆ. ಆರತಿ ನೀರು ಕಲೆಸುವ ಹೆಂಗಸರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಲಾರಿಗೆ ಹೊಳೆದಿರಲಿಲ್ಲ, ಅಷ್ಟೆ.

ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಹೊಗೆ ಕೊಳವೆಯ ಹಿಂದೆ ಒಂದು ಕಡೆ ಕೆಂಪು ಮೂಡಿತು. ಸಾಸಿವೆಯಷ್ಟು. ಒಳಗಿನ ನೀರು ಹೊರಬರದಂತೆ ಎಂಜಿನ್ನಿನ ಮೈಗೆ ಬಡಿದು ಕೂರಿಸಿದ್ದ, ಹಳೆಯ ರೂಪಾಯಿಗಿಂತ ತುಸು ದೊಡ್ಡ ತಗಡಿನ ಬಿಲ್ಲೆ ತುಕ್ಕು ಹಿಡಿದು ತೂತಾಗಿತ್ತು.

"ಬಿಸಿ ಆದಾಗಷ್ಟ ಬಿಡತೈತಿ. ಬಿಟ್ಟ ನೀರು ಕೊಳವಿ ಮ್ಯಾಲೆ ಬಿದ್ದು ಆರತೈತಿ. ಕೆಳಗ ಹನಿ ಹೆಂಗ ಕಾಣಬೇಕು?"

"ಅಂದ್ರ ಎಂಜಿನ್ ಸೀಳಿಲ್ಲೇನ್ರಿ?"

"ಎಂಜಿನ್ ನಿಮಗಿಂತ ಗಟ್ಟಿ ಐತಿ."

ನೀರೆಲ್ಲ ಬಸಿದು, ಹಳೆಯ ಬಿಲ್ಲೆ ಕಿತ್ತು, ತುಕ್ಕು ಕೆರೆದು, ಹೊಸದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರು. ನೀರು ತಿಳಿಯಾಗುವತನಕ ರೇಡಿಯೇಟರ್ ತೊಳೆದರು. ಹೊರಡುವಾಗ ನನ್ನನ್ನು ಬಾಜುವಿಗೆ ಕರೆದರು.

"ಎಲ್ಲಿ ನಿಂತು ಬೈದಿರಿ, ಅಲ್ಲೇ ನಿಂತು ತಪ್ಪಾತು ಅನ್ರಿ."

"ಅದು ನಿಮಗ್ಯಾಕ್ರಿ?"

"ಗಾಡಿ ಓಡಸಾಂವ ಅಂವಾ. ಅವನ ತಲಿ ಕುದ್ದರ ಅದಕ್ಕ ನನ್ನ ಕಡೆ ಸಾಮಾನಿಲ್ಲ."

ಮರುದಿನ ಗುಜರಿಯವನು ಬಂದಾಗ ಲಾರಿ ಅಕ್ಕಿ ಹೇರಿಕೊಂಡು ಪೇಟೆಗೆ ಹೋಗಿತ್ತು. ಬಂದ ದಾರಿ ಹಿಡಿ ಎಂದು ಅವನನ್ನು ಕಳಿಸಿದೆ. ಸಂಜೆ ಗಿರಣಿಗೆ ಹೋಗಿ, ಗಾಡಿ ತಣಿದ ಮೇಲೆ ನಾನೇ ಮುಚ್ಚಳ ತೆಗೆದೆ. ನೀರು ಕುತ್ತಿಗೆಯವರೆಗೂ ಹಾಗೇ ಇತ್ತು. ಅಲ್ಲೇ ಚೀಲದ ಮೇಲೆ ಕೂತೆ. ಎಷ್ಟೋ ದಿನಗಳ ಮೇಲೆ ಉಸಿರು ಪೂರಾ ಒಳಗೆ ಹೋಯಿತು. ಆಮೇಲೆ ಎದ್ದು, ಎಲ್ಲರಿಗೂ ಕೇಳುವ ಹಾಗೆ, "ತಮ್ಮಾ, ನೀ ದಿನಾ ನೀರು ತುಂಬಿದ್ದಿ. ನಂದು ತಪ್ಪಾತು," ಎಂದೆ. ಹಮಾಲರು ಚೀಲ ಹೊತ್ತುಕೊಂಡೇ ನಿಂತುಬಿಟ್ಟರು. ತಮ್ಮ ಟೈರು ನೋಡುವವನ ಹಾಗೆ ಆ ಕಡೆ ತಿರುಗಿದ.

ಮಿಸ್ತ್ರಿ ಹೇಳಿರದಿದ್ದರೆ ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ.

ಆರೇಳು ವರ್ಷದ ಮೇಲೆ ಅವರು ತೀರಿಕೊಂಡರು. ನಾನು ಅಳುವವಳಲ್ಲ, ಅಳಲಿಲ್ಲ. ಅಂದಿನ ಬಾಡಿಗೆ ಬಿಟ್ಟು, ಖಾನಾಪುರದ ಡ್ರೈವರುಗಳನ್ನೆಲ್ಲ ಹಿಂದೆ ಹತ್ತಿಸಿಕೊಂಡು ಮಣ್ಣಿಗೆ ಹೋದೆವು. ಹೋಗುವಾಗ ಇಪ್ಪತ್ತು ಮಂದಿ, ಬರುವಾಗ ದಾರಿಯ ಊರಿನವರೂ ಹತ್ತಿ ಮೂವತ್ತು. ತಮ್ಮ ದಾರಿಯಲ್ಲಿ ಎಲ್ಲಿಯೂ ನೀರಿಗೆ ನಿಲ್ಲಿಸಲಿಲ್ಲ.