ಡೈರಿಯೂ ನೋಟಿಸೂ

"ಜುಲೈ ೯. ಪಕ್ಕದ ಮನೆಯ ಮಾಳಿಗೆ ನೀರು ಮತ್ತೆ ನಮ್ಮ ಗೋಡೆಗೆ." ನನ್ನ ಹಳೆಯ ಡೈರಿಗಳಲ್ಲಿ ಮೂರು ಮಳೆಗಾಲದ ಇಂಥ ಸಾಲುಗಳಿವೆ. ಕೊನೆಗೆ ಅಡುಗೆಮನೆಯ ಗೋಡೆ ಉಬ್ಬಿತು. ದಾವೆ ಹೂಡಲೆಂದು ಡೈರಿಗಳನ್ನು ಹೊತ್ತು ಬ್ಯಾಡಗಿಯಿಂದ ಹಾವೇರಿ ಕೋರ್ಟಿಗೆ ಹೋದೆ.

ಗೇಟಿನೆದುರು ಅರ್ಜಿ ಟೈಪ್ ಮಾಡುವ ವಯಸ್ಸಾದ ಸಾಹೇಬರೊಬ್ಬರು ಅಷ್ಟನ್ನೂ ಓದಿ ಕನ್ನಡಕ ತೆಗೆದರು.

"ಭಾಳ ಚಂದ ಬರದೀರಿ, ಅಕ್ಕಾರ. ಅವರಿಗೆ ಹೇಳೀರೇನು?"

"ಓಣ್ಯಾಗ ನಿಂತು ಒದರಾಡೂದು ನಮಗ ಬರೂದಿಲ್ರಿ. ಎಲ್ಲಾ ಬರದಿಟ್ಟೇನಿ."

"ನಿಮ್ಮ ಡೈರಿ ಅವರು ಓದೂದಿಲ್ಲಲ್ರಿ! ಮೊದಲ ನೋಟಿಸ್ ಕೊಡ್ರಿ. ಅದೂ ಕಾನೂನಿನ ಕೆಲಸಾನ, ಅದಕ್ಕ ಜಡ್ಜ್ ಬೇಕಾಗೂದಿಲ್ಲ. ಆಮ್ಯಾಲೆ ಅವರಿಗೆ ‘ಗೊತ್ತಿರಲಿಲ್ಲ’ ಅನ್ನಾಕ ಬರೂದಿಲ್ಲ."

ಅವರೇ ಒಂದು ಪುಟ ಟೈಪ್ ಮಾಡಿಕೊಟ್ಟರು. ರಿಜಿಸ್ಟರ್ ಅಂಚೆಗೆ ಹಾಕಿದೆ. ತಲುಪಿದ ದಿನವೇ ಪಕ್ಕದ ಮನೆಯಾಕೆ ಓಡಿಬಂದಳು.

"ಅಲ್ಲಬೇ ಅಕ್ಕಾ, ಸಾರು ಕಂಪೌಂಡ್ ಮ್ಯಾಲಿಂದ ಕೊಡ್ತಿ, ಇದನ್ನ ಪೋಸ್ಟಿನ್ಯಾಗ ಕಳಸ್ತಿ?"

ಭಾನುವಾರ ಮಾಳಿಗೆ ನೀರಿನ ಪೈಪು ಅವರ ಅಂಗಳಕ್ಕೇ ತಿರುಗಿತು. ಗೋಡೆಯ ಜೊತೆ ಗೆಳತಿಯನ್ನೂ ಉಳಿಸಿಕೊಟ್ಟ ಆ ಸಾಹೇಬರನ್ನು ಇವತ್ತಿಗೂ ನೆನೆಯುತ್ತೇನೆ.

ಖರ್ಚು ಬರೆದಿಟ್ಟಿದ್ದೇನೆ: ಟೈಪಿಂಗ್, ಅಂಚೆ ಸೇರಿ ನೂರಾ ಹತ್ತು ರೂಪಾಯಿ. ಬಸ್ಸು ಹೆಂಗಸರಿಗೆ ಪುಕ್ಕಟೆ. ಉಬ್ಬಿದ ಗೋಡೆಗೆ ಹೊಸದಾಗಿ ಮೆತ್ತಿಸಿದ ಗಿಲಾವಿನ ಹಣ ಪೂರ್ತಿ ಕೊಡುತ್ತೇನೆಂದು ಆಕೆ ಹಟ ಹಿಡಿದಳು, ಅರ್ಧವಷ್ಟೇ ತೆಗೆದುಕೊಂಡೆ. ಮೂರು ವರ್ಷ ಬಾಯಿ ಬಿಡದೆ ಬರೆಯುತ್ತ ಕುಳಿತದ್ದಕ್ಕೆ ಉಳಿದರ್ಧ ನನ್ನದು.