ರಾಮಮ್ಮನ ಜಗಲಿಯ ರಿಜಿಸ್ಟರು

ಶನಿವಾರಸಂತೆಯಲ್ಲಿ ನಾನು ಹನ್ನೊಂದು ವರ್ಷ ಮೇಷ್ಟ್ರಾಗಿದ್ದೆ. ಮಕ್ಕಳಿಗೆ ಎಷ್ಟು ಕಲಿಸಿದೆ ಎಂದು ಕೇಳಿದರೆ ಮಾತು ಬದಲಿಸುತ್ತೇನೆ. ಆದರೆ ನನ್ನ ಅಕ್ಷರ ಚೆನ್ನಾಗಿತ್ತು. ಊರಿನವರ ಅರ್ಜಿ, ಕರಾರುಪತ್ರ, ಮದುವೆಯ ಕರೆಯೋಲೆ ಎಲ್ಲವೂ ನನ್ನ ಕೈಯಲ್ಲೇ ಆಗಬೇಕಿತ್ತು. ಆ ಅಕ್ಷರದಿಂದಲೇ ರಾಮಮ್ಮನ ಜಗಲಿ ಬರಿದಾಯಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಓದುವವರು ನನ್ನನ್ನು ಒಳ್ಳೆಯವನೆಂದು ತಿಳಿದುಕೊಳ್ಳುವುದು ಬೇಡ.

ರಾಮಮ್ಮನ ಮನೆ ಸಂತೆಮಾಳದ ಅಂಚಿನಲ್ಲಿತ್ತು. ಹೆಂಚಿನ ಮನೆ, ಮನೆಗಿಂತ ಉದ್ದವೇನೋ ಅನ್ನಿಸುವ ಜಗಲಿ. ಗಂಡ ಸಣ್ಣಸ್ವಾಮಿ ಗಾಡಿ ಹೊಡೆಯುತ್ತಿದ್ದವನು. ಅವರಿಗೆ ಮಕ್ಕಳಿರಲಿಲ್ಲ. ಒಂದು ಶನಿವಾರ ಕೊಡ್ಲಿಪೇಟೆ ಕಡೆಯ ಹೆಂಗಸೊಬ್ಬಳು ಮೆಣಸಿನಕಾಯಿ ರಾಶಿಯ ಪಕ್ಕದಲ್ಲೇ ಮಗುವನ್ನು ಮಲಗಿಸಿಕೊಂಡು ಮಾರುತ್ತಿದ್ದಳಂತೆ. ಮಗು ಮೆಣಸಿನಕಾಯಿ ಮುಟ್ಟಿದ ಕೈಯನ್ನು ಕಣ್ಣಿಗೆ ಉಜ್ಜಿಕೊಂಡು ಕಿರುಚುತ್ತಿತ್ತು. ಸಣ್ಣಸ್ವಾಮಿ ಯಾರನ್ನೂ ಕೇಳದೆ ಅದನ್ನು ಎತ್ತಿಕೊಂಡು ಬಂದು ಹೆಂಡತಿಯ ಮಡಿಲಿಗೆ ಹಾಕಿದ. ಮುಂದಿನ ವಾರ ಮೂರು ಮಕ್ಕಳು ಬಂದವು, ಅದರ ಮುಂದಿನ ವಾರ ಎಂಟು. ಎರಡು ವರ್ಷ ಕಳೆದು ಸಣ್ಣಸ್ವಾಮಿ ತೀರಿಕೊಂಡ. ಮಕ್ಕಳು ಬರುವುದು ನಿಲ್ಲಲಿಲ್ಲ.

ನಾನು ಕಂಡಾಗ ಒಂದೊಂದು ಶನಿವಾರ ನಲವತ್ತು ಮಕ್ಕಳಿರುತ್ತಿದ್ದವು. ಸೊಪ್ಪು ಮಾರುವವಳದು, ಕೋಳಿ ಮಾರುವವಳದು, ಮಡಕೆ ಹೊತ್ತು ತರುವವಳದು, ಕಿತ್ತಳೆ ಬುಟ್ಟಿಯವಳದು. ರಾಮಮ್ಮನದು ಒಂದೇ ಕ್ರಮ. ತಾಯಿ ಮಗುವನ್ನು ಇಳಿಸಿದ ಕೂಡಲೇ ಅವಳ ಸೆರಗಿನಿಂದ ಒಂದು ನೂಲು ಎಳೆದು ಮಗುವಿನ ಉಡಿದಾರಕ್ಕೆ ಗಂಟು ಹಾಕುತ್ತಿದ್ದಳು. ಸಂಜೆ ಬಂದವಳ ಸೆರಗಿಗೂ ಮಗುವಿನ ನೂಲಿಗೂ ಬಣ್ಣ ತಾಳೆಯಾದರೆ ಮಗು ಅವಳದು. ಹದಿನೆಂಟು ವರ್ಷದಲ್ಲಿ ಒಂದು ಮಗುವೂ ಅದಲುಬದಲಾಗಲಿಲ್ಲ. ಹೋಗುವಾಗ ತಾಯಂದಿರು ಬುಟ್ಟಿಯಲ್ಲಿ ಮಿಕ್ಕಿದ್ದರಲ್ಲಿ ಒಂದು ಹಿಡಿ ತೆಗೆದು ಜಗಲಿಯ ಮೇಲಿಟ್ಟು ಹೋಗುತ್ತಿದ್ದರು. ಕೊಡದವರನ್ನೂ ಆಕೆ ಕೇಳಿದವಳಲ್ಲ.

ಐವತ್ತಾರರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅದರಿಂದ ಮಳೆ ಹೆಚ್ಚಾಗಲಿಲ್ಲ, ಕಡಿಮೆಯೂ ಆಗಲಿಲ್ಲ, ನಮೂನೆಗಳು ಹೆಚ್ಚಾದವು. ಎರಡನೆಯ ವರ್ಷ ಒಬ್ಬ ಇನ್ಸ್‌ಪೆಕ್ಟರು ಸಂತೆ ನೋಡಲು ಬಂದವರು ಜಗಲಿಯ ಮುಂದೆ ನಿಂತು, “ಇದೇನು, ಯಾರ ಅನುಮತಿಯಿಂದ ನಡೀತಾ ಇದೆ?” ಎಂದು ಕೇಳಿದರು. ರಾಮಮ್ಮ ತೊಡೆಯ ಮೇಲಿದ್ದ ಮಗುವಿನ ಮೂಗು ಒರೆಸುತ್ತಾ, “ಇವುಗಳ ಅವ್ವಂದಿರು ಬಿಟ್ಟೋಗವ್ರೆ ಸ್ವಾಮಿ, ಇನ್ಯಾರ್ ಅನ್ಮತಿ ಬೇಕು?” ಎಂದಳು. ಅಂದಿನಿಂದ ಶುರುವಾಯಿತು.

ಮೊದಲು ಒಂದು ಅರ್ಜಿ. ಆಮೇಲೆ ಗೋಡೆಗೆ ಸುಣ್ಣ ಬಳಿಸಿದ್ದಕ್ಕೆ ಒಂದು ಪತ್ರ, ಪ್ರತಿ ಮಗುವಿಗೂ ಸಿಡುಬಿನ ದಾಕು ಹಾಕಿಸಿದ್ದಕ್ಕೆ ಒಂದು ಚೀಟಿ, ಹುಟ್ಟಿದ ತಾರೀಖು, ತೂಕ. ತಾರೀಖು ಕೇಳಿದರೆ ತಾಯಂದಿರು, “ಕಿತ್ತಳೆ ಹಣ್ಣಾಗೋ ಕಾಲ್ದಲ್ಲಿ” ಅನ್ನುವರು, ಇಲ್ಲವೇ “ನಮ್ಮಾವ ಬಿದ್ದು ಕಾಲ್ ಮುರ್ಕೊಂಡ್ರಲ್ಲ, ಆ ವರ್ಸ” ಅನ್ನುವರು. ನಾನು ಯಾವುದೋ ಒಂದು ತಾರೀಖು ಬರೆದುಕೊಳ್ಳುತ್ತಿದ್ದೆ. ತೂಕದ ಮಾತು ಬಂದಾಗ ರಾಮಮ್ಮನಿಗೆ ನಿಜವಾಗಿ ಸಿಟ್ಟು ಬಂತು.

“ಇವೇನ್ ಕಾಫಿ ಬೀಜವಾ ಮೇಷ್ಟ್ರೆ, ತಕ್ಕಡೀಲಿಕ್ಕಿ ತೂಗಕೆ? ಹೆತ್ತವ್ರು ದೃಷ್ಟಿಯಾಯ್ತದೆ ಅಂತ ಬೊಬ್ಬೆ ಹೊಡೀತವ್ರೆ. ನಾನ್ ಕಾಗ್ದ ನೋಡ್ಕಳದೋ, ಮಕ್ಕಳ್ ನೋಡ್ಕಳದೋ?”

“ಪರವಾನಗಿ ಸಿಗೋ ತನಕ ರಾಮಮ್ಮ. ಆಮೇಲೆ ಯಾರೂ ಕೇಳೋಲ್ಲ,” ಎಂದೆ. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆದರೆ ಪರವಾನಗಿಯೊಂದು ಇಲ್ಲದೆ ಹೋದರೆ ಜಗಲಿಯ ಮೇಲೆ ಮಕ್ಕಳನ್ನು ಕೂರಿಸಿಕೊಳ್ಳುವ ಹಾಗಿಲ್ಲವೆಂದು ಇನ್ಸ್‌ಪೆಕ್ಟರು ಖಡಾಖಂಡಿತ ಹೇಳಿ ಹೋಗಿದ್ದರು. ಆಕೆಗೆ ಬೇಕಾಗಿದ್ದದ್ದು ಅದೊಂದೇ ಕಾಗದ.

ಸಂತೆಯ ದಿನ ನನಗೆ ಶಾಲೆಯಿರಲಿಲ್ಲ. ಬೆಳಿಗ್ಗೆಯೇ ಹೋಗಿ ಜಗಲಿಯ ತುದಿಯಲ್ಲಿ ಕುಳಿತು ರಿಜಿಸ್ಟರು ಬರೆಯುತ್ತಿದ್ದೆ. ಮಗುವಿನ ಹೆಸರು, ತಾಯಿಯ ಹೆಸರು, ಊರು. ತಂದೆಯ ಹೆಸರಿನ ಕಾಲಂ ಬಂದ ಕೂಡಲೇ ಗಾಡಿ ನಿಲ್ಲುತ್ತಿತ್ತು. ಯಾವ ಹೆಂಗಸು ತಾನೇ ಸಂತೆಯ ನಡುವೆ, ಮೇಷ್ಟ್ರ ಮುಂದೆ, ಗಂಡನ ಹೆಸರು ಹೇಳುತ್ತಾಳೆ? ಕೋಳಿ ಮಾರುವ ದೊಡ್ಡಿಯನ್ನು ಕೇಳಿದೆ. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು, “ಅಯ್ಯೋ ಹೋಗಿ ಸ್ವಾಮಿ, ಅವ್ರೆಸ್ರು ನಾನೆಂಗೇಳ್ಲಿ! ಆಯಸ್ಸು ಕಮ್ಮಿಯಾಗಾಕಿಲ್ವಾ?” ಎಂದು ಕೋಳಿಗಳ ಸಮೇತ ಓಡಿದಳು. ಅವಳ ಹಿಂದೆ ನಿಂತಿದ್ದವರೂ ಹಾಗೇ. ಅಕ್ಕಪಕ್ಕದವರನ್ನು ಕೇಳೋಣವೆಂದರೆ ಒಬ್ಬೊಬ್ಬರದು ಒಂದೊಂದು ಊರು.

ಕಾಲಂ ಖಾಲಿ ಬಿಟ್ಟರೆ ರಿಜಿಸ್ಟರು ಸಲ್ಲದು ಎಂದು ನಮೂನೆಯ ತಲೆಯ ಮೇಲೆಯೇ ಅಚ್ಚಾಗಿತ್ತು. ಅದನ್ನು ರಾಮಮ್ಮನಿಗೆ ಓದಿ ಹೇಳಿದೆ. ಆಕೆ ಮಕ್ಕಳ ಕಡೆ ಕೈ ತೋರಿಸಿದಳು.

“ಸಂಜೆ ಗಂಟ ಇವು ಯಾರ್ ಮನೇಲಿರ್ತವೆ?”

“ನಿಮ್ಮನೇಲಿ.”

“ಅಂದ್ಮೇಲೆ ಸಂಜೆ ಗಂಟ ಈ ಮನೆ ಮಕ್ಕಳೇ ಅಲ್ವಾ? ಖಾಲಿ ಯಾಕ್ ಬಿಡ್ತೀರ. ನಮ್ಮನೆಯೋರೆಸ್ರು ಹಾಕಿ.”

ಆ ಹೆಸರನ್ನೂ ಆಕೆ ಹೇಳಲಿಲ್ಲ. ಸತ್ತು ಹದಿನಾರು ವರ್ಷವಾಗಿದ್ದ ಗಂಡನ ಹೆಸರು. ಗೋಡೆಗೆ ಒರಗಿಸಿಟ್ಟಿದ್ದ ಅವನ ಬಾರುಕೋಲಿನ ಕಡೆ ಗದ್ದ ಎತ್ತಿ ತೋರಿಸಿದಳು ಅಷ್ಟೆ. ನನಗೆ ಹೆಸರು ಗೊತ್ತಿತ್ತು. ನಗು ತಡೆದುಕೊಂಡು ಬರೆದೆ: ಸಣ್ಣಸ್ವಾಮಿ, ಸಣ್ಣಸ್ವಾಮಿ, ಸಣ್ಣಸ್ವಾಮಿ. ಒಟ್ಟು ನಲವತ್ತೆರಡು ಸಲ. ಇದು ತಪ್ಪು, ಹೀಗೆ ಬರೆಯಬಾರದು ಎಂದು ಹೇಳಬೇಕಾದವನು ನಾನು. ಹೇಳಲಿಲ್ಲ. ಯಾರು ಓದುತ್ತಾರೆ ಇದನ್ನೆಲ್ಲ ಎಂದುಕೊಂಡೆ, ಬಿಸಿಲೂ ಏರುತ್ತಿತ್ತು, ಮನೆಗೆ ಹೋಗಬೇಕಿತ್ತು. ಮುಗಿಸಿ ಏಳುವಾಗ ರಾಮಮ್ಮ, “ಒಂದ್ಸಲ ಓದಿ ಮೇಷ್ಟ್ರೆ,” ಎಂದಳು. ಓದಿದೆ. ಪ್ರತಿಯೊಂದು ಮಗುವಿನ ಹೆಸರಿನ ಹಿಂದೆಯೂ ಗಂಡನ ಹೆಸರು ಬರುತ್ತಿದ್ದಂತೆ ಆಕೆಯ ಮುಖ ಅರಳುತ್ತಾ ಹೋಯಿತು. ಮಕ್ಕಳಿಲ್ಲದ ಮನೆಯಲ್ಲಿ ಅದನ್ನು ಕೇಳುವುದು ಆಕೆಗೆ ಏನಾಗಿತ್ತೆಂದು ನನಗೆ ಆಗಲೇ ಅರ್ಥವಾಗಿತ್ತು. ಅದರ ಮುಂದಿನ ಶನಿವಾರಗಳಲ್ಲೂ ಕೇಳಿ ಕೇಳಿ ಓದಿಸಿಕೊಂಡಳು.

ಮೂರು ತಿಂಗಳ ಮೇಲೆ ಇನ್ಸ್‌ಪೆಕ್ಟರು ಬಂದು ರಿಜಿಸ್ಟರು ತೆರೆದರು. ಜಗಲಿಯ ಮೇಲೆ ನಿಂತುಕೊಂಡೇ, ಸಂತೆಯವರಿಗೆಲ್ಲ ಕೇಳುವ ಹಾಗೆ ಓದಿದರು. ಮೊದಲ ಐದಾರು ಹೆಸರಿಗೆ ಜನ ಸುಮ್ಮನಿದ್ದರು. ಆಮೇಲೆ ಯಾರೋ ಕಿಸಕ್ಕೆಂದರು. ಹತ್ತನೆಯದಕ್ಕೆ ಇಡೀ ಸಂತೆ ನಗುತ್ತಿತ್ತು. ಅಷ್ಟರಲ್ಲಿ ದೊಡ್ಡಿಯ ಗಂಡ ಬೊಳ್ಳಪ್ಪ ಮುಂದೆ ಬಂದ. ಅವನು ನಗುತ್ತಿರಲಿಲ್ಲ.

“ನನ್ ಮಗುಂಗೆ ಸತ್ತೋನ್ ಅಪ್ಪನಾ?” ಎಂದು ಕೂಗಿದ. “ನಾನೇನ್ ಬದುಕಿಲ್ವಾ?”

ಮುಂದಿನ ಸೋಮವಾರ ಕಚೇರಿಯಲ್ಲಿ ವಿಚಾರಣೆ. ಅದರ ಹಿಂದಿನ ದಿನ ಇನ್ಸ್‌ಪೆಕ್ಟರು ನನ್ನನ್ನು ಕರೆಸಿಕೊಂಡು ಕಾಫಿ ಕೊಟ್ಟು ಮಾತಾಡಿದರು. ಸರ್ಕಾರದಿಂದಲೇ ಇಲ್ಲೊಂದು ಶಿಶು ಕೇಂದ್ರ ತೆರೆಯುವ ಯೋಚನೆಯಿದೆ, ಎಸ್‌.ಎಸ್‌.ಎಲ್‌.ಸಿ. ಪಾಸಾದ ಹೆಂಗಸು ಯಾರಾದರೂ ಇದ್ದಾರೆಯೇ ಎಂದರು. ನನ್ನ ಅಕ್ಕನ ಮಗಳು ಕಾತ್ಯಾಯನಿ ಗಂಡ ಬಿಟ್ಟು ಹೋದ ಮೇಲೆ ಎರಡು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಳು. ಅವಳ ಹೆಸರು ಹೇಳಿದೆ. ಹೇಳಿದ ಮೇಲೆ ಅವರು ಮೆಲ್ಲನೆ, “ರಿಜಿಸ್ಟರಿನ ಅಕ್ಷರ ನಿಮ್ಮದೇ ಅಲ್ಲವೇ ಮೇಷ್ಟ್ರೇ?” ಎಂದು ಕೇಳಿದರು. ಹೌದೆಂದು ಉಳಿದ ಕಾಫಿಯನ್ನು ಕುಡಿದು ಮುಗಿಸಿದೆ.

ವಿಚಾರಣೆಯ ದಿನ ಗಂಡಸರೆಲ್ಲ ಮುಂದೆ, ಹೆಂಗಸರೆಲ್ಲ ಗೋಡೆಯ ಕಡೆ. ರಾಮಮ್ಮ ನಡುವೆ ಒಬ್ಬಳೇ ನಿಂತಿದ್ದಳು. ಒಗೆದ ಸೀರೆ ಉಟ್ಟು ಬಂದಿದ್ದಳು, ಪರವಾನಗಿ ಕೊಡುವುದಕ್ಕೇ ಕರೆದಿದ್ದಾರೇನೋ ಎನ್ನುವ ಹಾಗೆ.

“ತಂದೆಯ ಹೆಸರಿನ ಜಾಗದಲ್ಲಿ ನೀವು ಹೇಳಿ ಬರೆಸಿದ ಹೆಸರು ಯಾವುದು? ಬಾಯಿಬಿಟ್ಟು ಹೇಳಿ,” ಎಂದರು ಇನ್ಸ್‌ಪೆಕ್ಟರು.

ರಾಮಮ್ಮ ಹೇಳಲಿಲ್ಲ. ಹೇಳುವಂತಿರಲಿಲ್ಲ. ತಿರುಗಿ ನನ್ನ ಕಡೆ ನೋಡಿದಳು. ಯಾವಾಗಲೂ ಆ ಹೆಸರನ್ನು ಆಕೆಯ ಪರವಾಗಿ ಹೇಳುತ್ತಿದ್ದವನು ನಾನೇ ಅಲ್ಲವೇ. ಇಷ್ಟು ಹೇಳಿದ್ದರೆ ಸಾಕಿತ್ತು: ಸ್ವಾಮಿ, ಈ ಕಡೆಯ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ಕಾಲಂ ಖಾಲಿ ಬಿಡಬಾರದೆಂದು ನೀವು ಬರೆದಿದ್ದೀರಿ, ತಪ್ಪೆಂದು ಗೊತ್ತಿದ್ದೂ ಬರೆದವನು ನಾನು. ಇನ್ಸ್‌ಪೆಕ್ಟರೂ ನನ್ನ ಕಡೆಯೇ ನೋಡುತ್ತಿದ್ದರು. ನಾನು ಹೇಳಿದ್ದು:

“ಆಕೆ ಹೇಳಿದಂತೆ ಬರೆದೆ.”

ಆಮೇಲೆ ತಾಯಂದಿರ ಹೇಳಿಕೆ. ತಮ್ಮ ಮಕ್ಕಳನ್ನು ಪರರ ಹೆಸರಿನಲ್ಲಿ ಬರೆಸಿ ಮನೆತನಕ್ಕೆ ಅವಮಾನ ಮಾಡಿದ್ದಾಳೆಂದು ಒಂದು ಹಾಳೆ. ಅದನ್ನು ಬರೆದುಕೊಟ್ಟವನೂ ನಾನೇ, ಊರಿನಲ್ಲಿ ಬೇರೆ ಯಾರ ಅಕ್ಷರ ಅಷ್ಟು ಚೆನ್ನಾಗಿತ್ತು? ಗಂಡಂದಿರು ನೋಡುತ್ತಿದ್ದರು. ಮೊದಲು ಬಂದು ಹೆಬ್ಬೆಟ್ಟು ಒತ್ತಿದವಳು ದೊಡ್ಡಿ.

“ದೊಡ್ಡೀ,” ಎಂದಳು ರಾಮಮ್ಮ. “ನಿನ್ ಮಗ ಕೆಮ್ಮಿ ಕೆಮ್ಮಿ ನೀಲಿಗಟ್ಟಿದ್ ದಿನ ನೀನ್ ಕೋಳಿ ಮಾರ್ತಿದ್ದೆ ಕಣೆ. ನಾನ್ ಎದೆ ಮೇಲಾಕ್ಕೊಂಡಿದ್ದೆ.”

ದೊಡ್ಡಿ ಹೆಬ್ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು ಗೋಡೆಯ ಕಡೆ ಹೋದಳು. ಅವಳ ಹಿಂದೆ ಉಳಿದವರೂ ಬಂದು ಒತ್ತಿದರು. ರಾಮಮ್ಮ ಕೊನೆಯವಳ ತನಕ ನಿಂತು ನೋಡಿ, ಯಾರಿಗೂ ಕೈ ಮುಗಿಯದೆ ಹೊರಟುಹೋದಳು.

ಪರವಾನಗಿ ಸಿಗಲಿಲ್ಲ. ಆ ವಾರದಲ್ಲೇ ಆಕೆ ಜಗಲಿಯ ತುಂಬ ಸೌದೆ ಒಟ್ಟಿದಳು. ಈ ತುದಿಯಿಂದ ಆ ತುದಿಯವರೆಗೆ, ಸೊಂಟದೆತ್ತರಕ್ಕೆ. ಒಂದು ಮಗು ಕೂರುವಷ್ಟು ಜಾಗ ಬಿಡಲಿಲ್ಲ. ಶನಿವಾರ ಬಂದ ತಾಯಂದಿರು ಸೌದೆ ನೋಡಿ, ಮಕ್ಕಳನ್ನು ಮತ್ತೆ ಬುಟ್ಟಿಗಳ ನಡುವೆ ಮಲಗಿಸಿಕೊಂಡರು.

ಶಿಶು ಕೇಂದ್ರವೂ ತೆರೆಯಿತು. ಒಳ್ಳೆಯ ಕಟ್ಟಡ, ಗೋಡೆಗೆ ನೀಲಿ ಬಣ್ಣ, ತೂಗುವುದಕ್ಕೆ ಹೊಸ ತಕ್ಕಡಿ. ಕಾತ್ಯಾಯನಿ ದಿನವೂ ಹೋಗಿ ಕುಳಿತು ಬರುತ್ತಿದ್ದಳು. ಆದರೆ ದಾಕಿನ ಚೀಟಿ, ಹುಟ್ಟಿದ ತಾರೀಖು, ತಂದೆಯ ರುಜು ಇಲ್ಲದ ಮಗುವನ್ನು ಸೇರಿಸಿಕೊಳ್ಳುವಂತಿರಲಿಲ್ಲ. ಮೇಲಾಗಿ ಶನಿವಾರ ಹನ್ನೆರಡಕ್ಕೆ ಬಾಗಿಲು ಹಾಕಬೇಕು, ನಮ್ಮ ಸಂತೆಗೆ ಕಳೆ ಕಟ್ಟುವುದೇ ಹನ್ನೆರಡಕ್ಕೆ. ಹತ್ತು ತಿಂಗಳಾದರೂ ಆರು ಮಕ್ಕಳನ್ನು ಬಿಟ್ಟು ಏಳನೆಯದು ಬರಲಿಲ್ಲ. ಹದಿನೈದಾಗದಿದ್ದರೆ ಕೇಂದ್ರ ಮುಚ್ಚುತ್ತದೆ ಎಂದು ಕಾಗದ ಬಂತು. ಕಾತ್ಯಾಯನಿ ಅಡಿಗೆಮನೆಯಲ್ಲಿ ಕುಳಿತು ಅತ್ತಳು.

ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ನಾನು ರಾಮಮ್ಮನ ಮನೆಗೆ ಹೋದೆ. ನಾಚಿಕೆಯಿಲ್ಲದೆ ಹೋದೆ ಎಂದೇ ಹೇಳಬೇಕು. ಆಕೆ ಹೊಸ್ತಿಲ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದಳು. ಕೂರಿ ಎನ್ನಲಿಲ್ಲ. ಸೌದೆಯ ಪಕ್ಕ ನಿಂತೇ ಹೇಳಿದೆ: ಆರೇ ಮಕ್ಕಳಿವೆ, ಏಳನೆಯದು ಬರುತ್ತಿಲ್ಲ, ನೀವು ಕೇಂದ್ರಕ್ಕೆ ಬಂದು ಆಯಾ ಆಗಿ ಇರಿ, ನಿಮ್ಮ ಮುಖ ನೋಡಿಯಾದರೂ ತಾಯಂದಿರು ಚೀಟಿ ಮಾಡಿಸಿಕೊಂಡು ಬರುತ್ತಾರೆ, ಬರೆಯುವುದನ್ನೆಲ್ಲ ಕಾತ್ಯಾಯನಿ ಬರೆದುಕೊಳ್ಳುತ್ತಾಳೆ. ಆಕೆ ಇನ್ನೊಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು.

ಆಗಲೇ ದೊಡ್ಡಿ ಬಂದಳು. ತಲೆಯ ಮೇಲೆ ಕೋಳಿಗಳ ಬುಟ್ಟಿ, ಕಂಕುಳಲ್ಲಿ ಮಗ. ಮಗನ ಮುಖ ಕೆಂಪಗಿತ್ತು, ಕೆಮ್ಮುತ್ತಿದ್ದ. ಅವಳು ದಾರಿಯಲ್ಲೇ ಸೆರಗಿನಿಂದ ನೂಲು ಎಳೆದು ಬೆರಳಿಗೆ ಸುತ್ತಿಕೊಂಡು ಬಂದಿದ್ದಳು.

“ಅವ್ವಾ, ಇವತ್ತೊಂದ್ ದಿನ,” ಎಂದಳು. “ಬಿಸ್ಲಿಗಾಕಿದ್ರೆ ಸತ್ತೋಯ್ತದೆ ಕಣವ್ವ.”

ರಾಮಮ್ಮನ ಕೈ ನಿಂತಿತು. ಮಗುವನ್ನು ನೋಡಿದಳು. ಮಗು ಆಕೆಯನ್ನು ಗುರುತು ಹಿಡಿದು ಎರಡೂ ಕೈ ಚಾಚಿತು. ಆಕೆ ತೆಗೆದುಕೊಳ್ಳುತ್ತಾಳೆ ಎಂದುಕೊಂಡೆ, ದೊಡ್ಡಿಯೂ ಹಾಗೇ ಅಂದುಕೊಂಡಳು, ಬುಟ್ಟಿ ಇಳಿಸಿದಳು.

“ಗಂಡನೆಸ್ರೇಳು,” ಎಂದಳು ರಾಮಮ್ಮ.

“ಅವ್ವಾ...”

“ಹೇಳು. ಕಾಲಂ ಖಾಲಿ ಬಿಡಂಗಿಲ್ಲ.”

ದೊಡ್ಡಿ ಸಂತೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಮಗು ಇನ್ನೊಮ್ಮೆ ಕೆಮ್ಮಿತು. ಅವಳು ಕಣ್ಣು ಮುಚ್ಚಿಕೊಂಡು, “ಬೊಳ್ಳಪ್ಪ,” ಎಂದಳು. ಹೇಳಿದವಳೇ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಅಳತೊಡಗಿದಳು.

“ಎಷ್ಟ್ ಸುಲ್ಬ,” ಎಂದಳು ರಾಮಮ್ಮ. “ಅವತ್ತಿಷ್ಟ್ ಹೇಳಿದ್ರೆ ನನ್ ಜಗ್ಲಿ ಉಳೀತಿತ್ತು.”

ಆಮೇಲೆ ಮೊರ ಎತ್ತಿಕೊಂಡು ಎದ್ದು ನಿಂತು, ಆ ದಿನ ಮೊದಲ ಸಲ ನನ್ನ ಮುಖ ನೋಡಿದಳು.

“ಬರ್ಕಳಿ ಮೇಷ್ಟ್ರೆ. ನಿಮ್ಮನೆ ಹುಡ್ಗಿಗೆ ಏಳ್ನೇದು ಸಿಕ್ತಲ್ಲ. ತಂದೆ ಹೆಸ್ರು ಬೊಳ್ಳಪ್ಪ. ನಾನ್ ಹೇಳ್ದಂಗೆ ಬರ್ಕಳಿ.”

ಒಳಗೆ ಹೋಗಿ ಅಗುಳಿ ಹಾಕಿದಳು. ಕೈ ಚಾಚಿದ್ದ ಮಗು ಬಾಗಿಲಿನ ಕಡೆ ನೋಡಿ ಜೋರಾಗಿ ಅತ್ತಿತು. ದೊಡ್ಡಿ ಸ್ವಲ್ಪ ಹೊತ್ತು ಕಾದು, ಬೆರಳಿನ ನೂಲನ್ನು ಬಿಚ್ಚಿ ಸೌದೆಯ ಮೇಲಿಟ್ಟು, ಬುಟ್ಟಿ ಹೊತ್ತುಕೊಂಡು ಮಗುವಿನೊಂದಿಗೆ ಬಿಸಿಲಿಗೆ ನಡೆದಳು. ನನ್ನ ಜೇಬಿನಲ್ಲಿ ಪೆನ್ನಿತ್ತು. ರಾಮಮ್ಮ ಹೇಳಿದ್ದನ್ನು ನಾನು ಬರೆಯದೆ ಬಿಟ್ಟದ್ದು ಅದೊಂದೇ ಸಲ.