ಸಿಡುಕಪ್ಪ ಕಣ್ಣು ಮುಚ್ಚಿ ಕೂತದ್ದು

ಕ್ಷೌರದಂಗಡಿಯ ಯಜಮಾನನಿಗೆ ಹೆತ್ತವರು ಇಟ್ಟ ಹೆಸರು ಏನೇ ಇರಲಿ, ಬೀದಿಯವರು ಇಟ್ಟದ್ದು ಸಿಡುಕಪ್ಪ. ಗಿರಾಕಿಯ ತಲೆ ಅಲ್ಲಾಡಿದರೆ ಸಿಡುಕು, ಫ್ಯಾನು ಗರಗರ ಎಂದರೆ ಸಿಡುಕು. ಕೂದಲು ಗುಡಿಸುವ ಪೊರಕೆ ಜಾಗದಲ್ಲಿಲ್ಲದಿದ್ದರಂತೂ ಮನೆಯವರ ಗತಿ ದೇವರಿಗೇ ಪ್ರೀತಿ. ಒಮ್ಮೆ ಮಗಳ ಕೈಜಾರಿ ಸೋಪಿನ ಬಟ್ಟಲು ಬಿದ್ದಾಗ ಅವನು ಕಿರುಚಿದ ರಭಸಕ್ಕೆ ಎದುರಂಗಡಿಯ ನಾಯಿ ಕೂಡ ಎದ್ದು ಹೋಗಿತ್ತು. ಅಂದಿನಿಂದ ಹುಡುಗಿ ಅಂಗಡಿಯೊಳಕ್ಕೆ ಕಾಲಿಡಲಿಲ್ಲ. ಬೆಳಿಗ್ಗೆ ಕಾಲೇಜಿಗೆ ಹೊರಟಾಗ ಅಪ್ಪನ ಟೀ ಲೋಟವನ್ನು ಹೊಸ್ತಿಲ ಮೇಲಿಟ್ಟು, ಯಾರೋ ಅಟ್ಟಿಸಿಕೊಂಡು ಬಂದಂತೆ ಓಡುತ್ತಿದ್ದಳು. ಹೆತ್ತ ಮಗಳೇ ತನ್ನನ್ನು ಕಂಡರೆ ಹೆದರುತ್ತಾಳೆ ಎನ್ನುವುದು ಅವನ ಕರುಳು ಹಿಂಡುತ್ತಿತ್ತು.

ಅದಕ್ಕೇ ಅವನು ಧ್ಯಾನಕ್ಕೆ ಕೂತದ್ದು. ಅಂಗಡಿ ತೆರೆಯುವ ಮುಂಚೆ ಷಟರ್ ಅರ್ಧ ಎತ್ತಿ, ಗಿರಾಕಿಯ ಕುರ್ಚಿಯನ್ನು ಕನ್ನಡಿಗೆ ಬೆನ್ನಾಗಿ ತಿರುಗಿಸಿ ಕೂತು, ಮನಸ್ಸಿನಲ್ಲೇ ದೇವರ ಹೆಸರು ಹೇಳಿಕೊಳ್ಳುವುದು. ಕಲಿಸಿದವರು ಯಾರೂ ಇಲ್ಲ. ಮೇಲಿನ ಮಹಡಿಯಲ್ಲಿ ಧ್ಯಾನದ ತರಗತಿ ನಡೆಸುವ ಮೇಷ್ಟ್ರನ್ನು ಕೇಳಿದ್ದಕ್ಕೆ ಅವರು, "ಮೊದಲು ಸಿಟ್ಟು ಬಿಡಿ, ಆಮೇಲೆ ಬನ್ನಿ" ಅಂದಿದ್ದರು. ಜ್ವರ ಬಿಟ್ಟ ಮೇಲೆ ಬನ್ನಿ ಅನ್ನುವ ಡಾಕ್ಟರನ್ನು ಎಲ್ಲಾದರೂ ಕಂಡಿದ್ದೀರಾ? ನೆನೆಸಿಕೊಂಡರೆ ನನಗೇ ಮೈ ಉರಿಯುತ್ತದೆ.

ಕೂತರೆ ಏನಾಗುತ್ತಿತ್ತು? ಬಾಯಿಪಾಠದ ಹೆಸರು ನಾಲ್ಕು ಸಲ ಉರುಳುವಷ್ಟರಲ್ಲಿ ಊರೆಲ್ಲ ತಲೆಯೊಳಗೆ ನುಗ್ಗುತ್ತಿತ್ತು. ನಿನ್ನೆ ತಕರಾರು ತೆಗೆದ ಗಿರಾಕಿ, ಮೊಂಡಾದ ಕತ್ತರಿ, ನಾದಿನಿಯ ಕೊಂಕು ಮಾತು. ಎಲ್ಲರ ಹಿಂದೆ, ಸತ್ತುಹೋದ ಅಪ್ಪ: "ಒಂದು ಕಡೆ ಕೂರೋಕೆ ಬರಲ್ಲ ನಿಂಗೆ. ನಿನ್ನ ಕೈಲಿ ಏನಾಗುತ್ತೋ?" ಸಿಡುಕಪ್ಪ ಒಬ್ಬೊಬ್ಬರಿಗೂ ಉತ್ತರ ಕೊಟ್ಟು, ಅಪ್ಪನ ಜೊತೆ ಜಗಳ ಕಾದು, ಹಲ್ಲು ಕಡಿಯುತ್ತ ಎದ್ದುಬಿಡುತ್ತಿದ್ದ. ಅಪ್ಪ ಹೇಳಿದ್ದೇ ನಿಜವೇನೋ ಎನ್ನಿಸಿದಾಗ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳುವಷ್ಟು ಸಿಟ್ಟು ಬರುತ್ತಿತ್ತು.

ಬೆಳಿಗ್ಗೆ ಕೆಟ್ಟದ್ದನ್ನು ಕೆಲಸದಲ್ಲಿ ಸರಿಮಾಡಿಕೊಳ್ಳೋಣವೆಂದು ಒಂದು ದಿನ ಬ್ಲೇಡು ಹಿಡಿದೇ ಜಪ ಶುರುಮಾಡಿದ. ಕುರ್ಚಿಯಲ್ಲಿ ಬಸ್ ಕಂಡಕ್ಟರು, ಮುಖದ ತುಂಬ ನೊರೆ. ಆಹಾ, ಅವತ್ತು ಮನಸ್ಸು ನಿಂತಿತು! ಕೈ ಮಾತ್ರ ನಿಲ್ಲಲಿಲ್ಲ. ನೊರೆ ಒರೆಸಿದರೆ ಕಂಡಕ್ಟರ ಬಲಗಡೆಯ ಮೀಸೆ ಮಾಯ.

"ಮೈಮೇಲೆ ಪ್ರಜ್ಞೆ ಇದೆಯೇನಯ್ಯಾ? ಮದುವೆಗೆ ಮುಂಚಿನ ಮೀಸೆ ಕಣಯ್ಯಾ ಇದು!"

ಬೇರೆ ದಿನವಾಗಿದ್ದರೆ ತಪ್ಪು ತನ್ನದಾದರೂ ಸಿಡುಕಪ್ಪನೇ ಜೋರು ಮಾಡುತ್ತಿದ್ದ. ಅವತ್ತು ತಲೆ ತಗ್ಗಿಸಿ ಮತ್ತೆ ಬ್ಲೇಡು ಎತ್ತಿಕೊಂಡ. ಉಳಿದರ್ಧವನ್ನೂ ಬೋಳಿಸದೆ ಗತಿಯಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಹೋದವನು ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿ, "ಸಾಕು. ನಾಳೆಯಿಂದ ಕೂರಲ್ಲ. ನನ್ನಂಥೋನಿಗಲ್ಲ ಇದು" ಅಂದ.

ಅವಳು ತಟ್ಟೆ ಕುಕ್ಕಿದಳು. "ಕಣ್ಣು ಮುಚ್ಚಿದ್ರೆ ಗಿರಾಕಿ ಜಪ, ಗಿರಾಕಿ ಬಂದ್ರೆ ದೇವರ ಜಪ. ಇಬ್ಬರಿಗೂ ಟೋಪಿ ಹಾಕ್ತೀರಲ್ರೀ! ಒಬ್ಬರಿಗೆ ಶೇವ್ ಮಾಡ್ತಿರೋವಾಗ ಇನ್ನೊಬ್ಬರು ಬಂದ್ರೆ ಅರ್ಧಕ್ಕೆ ಬಿಟ್ಟು ಮಾತಾಡ್ಸೋಕೆ ಹೋಗ್ತೀರಾ?"

"ಯಾವನಾದ್ರೂ ಹೋಗ್ತಾನಾ? ತಿರುಗಿ ಕೂಡ ನೋಡಲ್ಲ. ಕೂತ್ಕೊಳ್ಳಿ ಅಂತೀನಿ, ನನ್ನ ಕೆಲಸ ನಾನು ಮಾಡ್ತೀನಿ."

"ಮತ್ತೆ ಬೆಳಿಗ್ಗೆ ಯಾಕೆ ಎದ್ದೆದ್ದು ಹೋಗ್ತೀರಿ?"

ಸಿಡುಕಪ್ಪನಿಗೆ ರೇಗಿತು. ಹೆಂಡತಿ ಸರಿಯಾದದ್ದನ್ನು ಹೇಳಿದಾಗಲೆಲ್ಲ ಅವನಿಗೆ ರೇಗುತ್ತಿತ್ತು.

ಮಾರನೆಯ ಬೆಳಿಗ್ಗೆ ಹಟಕ್ಕೇ ಕೂತ. ಎಂದಿನಂತೆ ಎಲ್ಲರೂ ನುಗ್ಗಿದರು. ಮೀಸೆ ಕಳೆದುಕೊಂಡ ಕಂಡಕ್ಟರು ಮೊದಲು. 'ಕೂತ್ಕೊಳ್ಳಿ' ಅಂದ ಮನಸ್ಸಿನಲ್ಲೇ, ತಿರುಗಿ ನೋಡದೆ. ದೇವರ ಹೆಸರಿಗೆ ಮರಳಿದ. ನಾದಿನಿ ಬಂದಳು. 'ಕೂತ್ಕೋಮ್ಮ.' ಮತ್ತೆ ಹೆಸರು. ಕೊನೆಗೆ ಅಪ್ಪ ಬಂದ, ಅದೇ ಹಳೇ ಮಾತು ತೆಗೆದ. ಸಿಟ್ಟು ನೆತ್ತಿಗೇರಿತು. ಆದರೂ ಸಿಡುಕಪ್ಪ ಜಗಳಕ್ಕೆ ಏಳಲಿಲ್ಲ. 'ನೀನೂ ಕೂತ್ಕೋಪ್ಪಾ, ಕೆಲಸ ನಡೀತಿದೆ.' ಸಿಟ್ಟೇನೂ ಇಳಿಯಲಿಲ್ಲ. ಅದನ್ನೂ ಕಾಯುವವರ ಬೆಂಚಿನ ತುದಿಯಲ್ಲಿ ಕೂರಿಸಿದ.

ಅಷ್ಟರಲ್ಲಿ ಹೊಸ್ತಿಲಿಗೆ ಲೋಟ ತಗಲಿ ಠಣ್ ಎಂದಿತು, ಟೀ ಚೆಲ್ಲಿದ ಸದ್ದು ಕೇಳಿಸಿತು. ಮಗಳು ಗಕ್ಕನೆ ಉಸಿರೆಳೆದುಕೊಂಡದ್ದೂ ಕೇಳಿಸಿತು. ಕಿರುಚಾಟ ಅವನ ಗಂಟಲವರೆಗೆ ಬಂದು ನಿಂತಿತು.

"ಒಳಗೆ ಬಾಮ್ಮ. ಕೂತ್ಕೋ" ಅಂದ, ಕಣ್ಣು ಬಿಡದೆ. ಹಿಡಿದ ಕೆಲಸ ಮುಗಿಯುವವರೆಗೂ ಅವನು ಏಳಲಿಲ್ಲ.

ಕಣ್ಣು ಬಿಟ್ಟಾಗ ಮಗಳು ಬೆಂಚಿನ ಮೇಲಿದ್ದಳು, ಮುಖ ದುಮ್ಮಿಸಿಕೊಂಡು.

"ಕೂತ್ಕೋ ಅಂದ್ರೆ ಎಷ್ಟೊತ್ತು ಕೂತ್ಕೋಬೇಕಪ್ಪಾ? ಇದ್ದಿದ್ದು ಅರ್ಧ ಟೀ, ಅದೂ ಆರಿಹೋಯ್ತು. ನನ್ನ ಬಸ್ಸೂ ಹೋಯ್ತು. ನಿಂಗೆ ಸ್ವಲ್ಪನಾದ್ರೂ ಗೊತ್ತಾಗಲ್ವಾ?"

ಅವಳು ಬೈಯುತ್ತಿದ್ದಳು. ಅವನದೇ ಅಂಗಡಿಯಲ್ಲಿ ಕೂತು, ಅವನ ಮುಖವನ್ನೇ ನೋಡುತ್ತ, ಥೇಟ್ ಅವನಂತೆಯೇ ಹುಬ್ಬು ಗಂಟಿಕ್ಕಿಕೊಂಡು ಬೈಯುತ್ತಿದ್ದಳು. ಸಿಡುಕಪ್ಪ ಆರಿದ ಟೀಯನ್ನು ಗಟಗಟ ಕುಡಿದು ಲೋಟ ಕೆಳಗಿಟ್ಟ.

"ಇನ್ನೂ ಸ್ವಲ್ಪ ಬೈಯಮ್ಮ" ಅಂದ.